ಸಣ್ಣ ಕುರು ಎಂದು ಬಿಡಬೇಡಿ: ಚರ್ಮದ ಸೋಂಕಿಗೆ ಬೇಗ ಚಿಕಿತ್ಸೆ ಏಕೆ ಬೇಕು?

ನಮ್ಮ ಮನೆಮಾತು ಉರ್ದು. ಮೈಮೇಲೆ ಏಳುವ ಕುರು, ಬೊಕ್ಕೆ, ಕೀವುಗುಳ್ಳೆ ಎಲ್ಲವನ್ನೂ ನಮ್ಮಲ್ಲಿ ‘ಫೋಡಾ-ಫುನ್ಸಿ’ ಎಂಬ ಒಂದೇ ಜೋಡಿ ಪದದಲ್ಲಿ ಮುಗಿಸುತ್ತಾರೆ. ಅದನ್ನು ಹೇಳುವ ಧಾಟಿಯಲ್ಲೇ ‘ಅದೇನು ದೊಡ್ಡ ವಿಷಯವಲ್ಲ’ ಎಂಬ ಅರ್ಥವೂ ಸೇರಿಕೊಂಡಿರುತ್ತದೆ. ಕನ್ನಡ ಮಾತನಾಡುವ ನನ್ನ ಗೆಳತಿಯರ ಮನೆಗಳಲ್ಲೂ ಇದೇ ಕಥೆ. ‘ಮೈ ಉಷ್ಣ ಆಗಿದೆ’, ‘ಮಾವಿನಹಣ್ಣು ಜಾಸ್ತಿ ತಿಂದಿದ್ದೀಯ’, ‘ತಾನಾಗಿ ಒಡೆದು ಹೋಗುತ್ತದೆ ಬಿಡು’ ಎನ್ನುತ್ತಾರೆ. ಬಹಳ ಸಲ ಅದು ತಾನಾಗಿ ಹೋಗುವುದೂ ನಿಜ. ಆದರೆ ಹೋಗದೇ ಇದ್ದಾಗ ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ನನ್ನ ಜೀವಶಾಸ್ತ್ರ ಹತ್ತನೇ ತರಗತಿಗೇ ಮುಗಿದಿದೆ. ಈ ಲೇಖನವನ್ನು ವಿಜ್ಞಾನ ವಿಭಾಗದವರು ಬರೆಯಬೇಕಿತ್ತು ಎಂದು ನಿಮಗೆ ಅನಿಸಬಹುದು. ಆದರೆ ಓದುತ್ತಾ ಹೋದಂತೆ ಇದು ನಮ್ಮ ಲೆಕ್ಕದ ವಿಷಯವೂ ಹೌದು ಎಂದು ನನಗೆ ಅನಿಸಿತು. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಚರ್ಮ ಮತ್ತು ಅದರ ಮೇಲಿನ ನಿವಾಸಿಗಳು

ನಮ್ಮ ದೇಹದ ಅತಿ ದೊಡ್ಡ ಅಂಗ ಚರ್ಮ. ವಯಸ್ಕರ ಚರ್ಮವನ್ನು ಹರಡಿದರೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ದುಪಟ್ಟಾದಷ್ಟು ಆಗುತ್ತದೆ. ಇದರಲ್ಲಿ ಮೇಲ್ಪದರ, ಅದರ ಕೆಳಗೆ ರಕ್ತನಾಳ ಮತ್ತು ನರಗಳಿರುವ ಒಳಪದರ, ಅದಕ್ಕೂ ಕೆಳಗೆ ಕೊಬ್ಬಿನ ಪದರ ಇವೆ. ಮೇಲ್ಪದರ ಒಡೆಯದೆ ಇರುವವರೆಗೆ ಹೊರಗಿನ ರೋಗಾಣುಗಳಿಗೆ ಒಳಗೆ ಬರುವುದು ಕಷ್ಟ.

ಚರ್ಮದ ಮೇಲೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಸದಾ ವಾಸಿಸುತ್ತವೆ. ಹೆಚ್ಚಿನವು ನಮಗೆ ಏನೂ ಮಾಡುವುದಿಲ್ಲ. ಚರ್ಮದ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಎರಡು ಬ್ಯಾಕ್ಟೀರಿಯಾಗಳು ಕಾರಣ. ಮೊದಲನೆಯದು ಸ್ಟ್ಯಾಫಿಲೋಕಾಕಸ್ ಆರಿಯಸ್. ಸೂಕ್ಷ್ಮದರ್ಶಕದಲ್ಲಿ ಇದು ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ. 1880ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಓಗ್‌ಸ್ಟನ್ ಕೀವಿನಲ್ಲಿ ಇದನ್ನು ಕಂಡು, ಗ್ರೀಕ್ ಭಾಷೆಯ ದ್ರಾಕ್ಷಿ ಗೊಂಚಲು ಎಂಬ ಪದದಿಂದಲೇ ಹೆಸರಿಟ್ಟರು. ಆರೋಗ್ಯವಾಗಿರುವ ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನೊಳಗೆ ಇದು ಸುಮ್ಮನೆ ಇರುತ್ತದೆ. ಎರಡನೆಯದು ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್. ಇದು ಮಣಿಸರದಂತೆ ಸಾಲಾಗಿ ಕಾಣುತ್ತದೆ.

ಇವು ಒಳಗೆ ಹೋಗಲು ದೊಡ್ಡ ಗಾಯವೇ ಆಗಬೇಕೆಂದಿಲ್ಲ. ಸೊಳ್ಳೆ ಕಚ್ಚಿದ್ದನ್ನು ಉಗುರಿನಿಂದ ಕೆರೆದದ್ದು, ಹಿಜಾಬಿನ ಪಿನ್ನು ಗಲ್ಲದ ಕೆಳಗೆ ಚುಚ್ಚಿದ್ದು, ಗಡ್ಡ ತೆಗೆಯುವಾಗ ಬ್ಲೇಡು ತಾಗಿದ್ದು, ಕಾಲ್ಬೆರಳ ಸಂದಿಯಲ್ಲಿ ಚರ್ಮ ಬಿರಿದದ್ದು, ಬೈಕಿನಿಂದ ಬಿದ್ದು ತರಚಿದ್ದು, ಇಷ್ಟೇ ಸಾಕು. ಕಜ್ಜಿ ಇದ್ದವರು ರಾತ್ರಿಯೆಲ್ಲ ಕೆರೆದುಕೊಂಡಾಗ ಆದ ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗುವುದೂ ಸಾಮಾನ್ಯ. ಉಷ್ಣದಿಂದ ಕುರು ಆಯಿತು ಎನ್ನುವ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಬೇಸಿಗೆಯಲ್ಲಿ ಬೆವರು, ಬಟ್ಟೆಯ ಉಜ್ಜುವಿಕೆ ಹೆಚ್ಚಾದಾಗ ಕೂದಲ ಬುಡದಲ್ಲಿ ಸೋಂಕು ಸುಲಭವಾಗಿ ಆಗುತ್ತದೆ. ಮಾವಿನಹಣ್ಣಿನ ಮೇಲೆ ತಪ್ಪು ಹೊರಿಸಬೇಕಾಗಿಲ್ಲ.

ಎಲ್ಲವೂ ಒಂದೇ ಅಲ್ಲ

ಫೋಡಾ-ಫುನ್ಸಿ ಎಂಬ ಒಂದು ಹೆಸರಿನ ಕೆಳಗೆ ಹಲವು ಬೇರೆ ಬೇರೆ ಕಾಯಿಲೆಗಳಿವೆ.

ಕೂದಲ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕೀವುಗುಳ್ಳೆ ಆದರೆ ಅದು ಫಾಲಿಕ್ಯುಲೈಟಿಸ್. ಅದೇ ಆಳಕ್ಕಿಳಿದು ನೋವಿನ ಗಡ್ಡೆಯಾದರೆ ಕುರು. ಅಕ್ಕಪಕ್ಕದ ಹಲವು ಕುರುಗಳು ಒಳಗೊಳಗೇ ಕೂಡಿ, ಹಲವು ಬಾಯಿಗಳಿಂದ ಕೀವು ಸುರಿಸಿದರೆ ಅದು ಕಾರ್ಬಂಕಲ್. ಇದು ಕತ್ತಿನ ಹಿಂದೆ ಅಥವಾ ಬೆನ್ನಿನ ಮೇಲೆ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ನೂ ಹೆಚ್ಚು. ಉಗುರಿನ ಅಂಚಿನಲ್ಲಿ ಬಾವು ಬಂದು ಮಿಡಿಯುವ ಉಗುರುಸುತ್ತು ನಮಗೆಲ್ಲ ಗೊತ್ತಿರುವುದೇ.

ಚಿಕ್ಕ ಮಕ್ಕಳ ಮೂಗು-ಬಾಯಿಯ ಸುತ್ತ ಬೊಕ್ಕೆಗಳೆದ್ದು ಒಡೆದು, ಜೇನುತುಪ್ಪ ಒಣಗಿದಂತಹ ಹಳದಿ ಹಕ್ಕಳೆ ಕಟ್ಟಿದರೆ ಅದು ಇಂಪೆಟೈಗೊ. ಇದು ಮುಟ್ಟಿದರೆ ಹರಡುತ್ತದೆ. ಮನೆಯಲ್ಲಿ ಒಂದು ಮಗುವಿಗೆ ಬಂದರೆ ಒಂದೇ ಟವೆಲ್ಲಿನಿಂದ ಉಳಿದವರಿಗೂ ಬರಬಹುದು.

ಸೋಂಕು ಒಳಪದರ ಮತ್ತು ಕೊಬ್ಬಿನ ಪದರಕ್ಕೆ ಹರಡಿದರೆ ಅದನ್ನು ಸೆಲ್ಯುಲೈಟಿಸ್ ಎನ್ನುತ್ತಾರೆ. ಇದಕ್ಕೆ ಕುರುವಿನಂತೆ ಒಂದು ಮೊನೆ ಇರುವುದಿಲ್ಲ. ಚರ್ಮ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಮುಟ್ಟಿದರೆ ನೋಯುತ್ತದೆ. ಕೆಂಪು ಅಂಚು ಹೊರಕ್ಕೆ ಸರಿಯುತ್ತಾ ಹೋಗುತ್ತದೆ. ಬಹುಮಟ್ಟಿಗೆ ಕಾಲಿನಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ಮುಖ್ಯ ಮಾತು: ಪುಸ್ತಕದ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಎದ್ದು ಕಾಣುತ್ತದೆ. ನಮ್ಮ ಕಂದು ಬಣ್ಣದ ಚರ್ಮದಲ್ಲಿ ಅದು ಬರೀ ಕಪ್ಪಾದಂತೆ ಅಥವಾ ನೇರಳೆಯಂತೆ ಕಾಣಬಹುದು. ಆದ್ದರಿಂದ ಬಣ್ಣವನ್ನಷ್ಟೇ ನೋಡದೆ ಬಿಸಿ, ಊತ, ನೋವು ಇವೆಯೇ ಎಂದು ನೋಡಬೇಕು. ಒಂದು ಕಾಲನ್ನು ಇನ್ನೊಂದು ಕಾಲಿನ ಜೊತೆ ಹೋಲಿಸಿ ಮುಟ್ಟಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಚಕ್ರಬಡ್ಡಿಯ ಲೆಕ್ಕ

ಅನುಕೂಲಕರ ವಾತಾವರಣ ಸಿಕ್ಕರೆ ಇಂತಹ ಒಂದು ಬ್ಯಾಕ್ಟೀರಿಯಾ ಸುಮಾರು 20ರಿಂದ 30 ನಿಮಿಷಕ್ಕೊಮ್ಮೆ ಎರಡಾಗುತ್ತದೆ. 20 ನಿಮಿಷ ಎಂದೇ ಹಿಡಿದರೆ ಒಂದು ಗಂಟೆಯಲ್ಲಿ ಒಂದು ಎಂಟಾಗುತ್ತದೆ. ನಾಲ್ಕು ಗಂಟೆಯಲ್ಲಿ 4,096. ಎಂಟು ಗಂಟೆಯಲ್ಲಿ, ಅಂದರೆ ನಾವು ಒಂದು ನಿದ್ದೆ ಮುಗಿಸಿ ಏಳುವಷ್ಟರಲ್ಲಿ, 1 ಕೋಟಿ 67 ಲಕ್ಷ ದಾಟುತ್ತದೆ. ಚಕ್ರಬಡ್ಡಿಯ ಸೂತ್ರವನ್ನು ಬಾಯಿಪಾಠ ಮಾಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಹದೊಳಗೆ ಇದು ಇಷ್ಟು ಸರಾಗವಾಗಿ ನಡೆಯುವುದಿಲ್ಲ. ನಮ್ಮ ಬಿಳಿ ರಕ್ತಕಣಗಳು ಇವನ್ನು ಕೊಲ್ಲುತ್ತಲೇ ಇರುತ್ತವೆ. ಕೀವು ಎಂದರೆ ಈ ಹೋರಾಟದಲ್ಲಿ ಸತ್ತ ಬಿಳಿ ಕಣಗಳು, ಬ್ಯಾಕ್ಟೀರಿಯಾಗಳು ಮತ್ತು ಹಾಳಾದ ಜೀವಕೋಶಗಳ ಮಿಶ್ರಣ. ದೇಹ ಗೆದ್ದರೆ ಕುರು ಒಣಗುತ್ತದೆ. ಸೋಲತೊಡಗಿದರೆ ಪ್ರತಿ ಗಂಟೆಯೂ ಎದುರು ಪಕ್ಷದ ಖಾತೆಗೆ ಬಡ್ಡಿ ಜಮಾ ಆಗುತ್ತದೆ.

ಹಾಗೆ ಬೆಳೆದ ಸೋಂಕು ರಕ್ತಕ್ಕೆ ಸೇರಿದರೆ ಅದರ ವಿರುದ್ಧ ದೇಹದ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ಅಂಗಾಂಗಗಳಿಗೆ ಹಾನಿ ಮಾಡಬಹುದು. ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಇದು ಪ್ರಾಣಾಪಾಯದ ಸ್ಥಿತಿ. ಸ್ಟ್ರೆಪ್ಟೋಕಾಕಸ್‌ನ ಕೆಲವು ತಳಿಗಳಿಂದ ಚರ್ಮದ ಸೋಂಕಾದ ಮಕ್ಕಳಲ್ಲಿ, ಗಾಯ ಮಾಯ್ದ ಮೇಲೂ ಮೂರರಿಂದ ಆರು ವಾರದೊಳಗೆ ಮೂತ್ರಪಿಂಡದ ಉರಿಯೂತ ಕಾಣಿಸಿಕೊಳ್ಳಬಹುದು. ಮುಖ ಊದುತ್ತದೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಕಾಲಿನ ಹುಣ್ಣಿಗೂ ಮೂತ್ರಪಿಂಡಕ್ಕೂ ಸಂಬಂಧವಿದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ನಮ್ಮ ಮಾಮುವಿನ ಅಂಗಡಿ

ನನ್ನ ಮಾಮು ಟೈಲರ್. ಅವರಿಗೆ ಸಕ್ಕರೆ ಕಾಯಿಲೆ ಇದೆ. ಅವರ ಅಂಗಡಿಯ ಲೆಕ್ಕದ ಪುಸ್ತಕ ಬರೆಯುವವಳು ನಾನೇ. ಕಳೆದ ರಂಜಾನಿನಲ್ಲಿ ಹಬ್ಬದ ಬಟ್ಟೆಗಳ ರಾಶಿ ಬಿದ್ದಿದ್ದಾಗ ಅವರ ಬಲಗಾಲು ಊದಿತು. ದಿನವಿಡೀ ಹೊಲಿಗೆ ಯಂತ್ರ ತುಳಿದಿದ್ದಕ್ಕೆ ಹೀಗಾಗಿದೆ ಎಂದುಕೊಂಡು ಮುಲಾಮು ಉಜ್ಜಿದರು. ನಾನಿ ಅರಿಶಿನ ಅರೆದು ಬಿಸಿ ಮಾಡಿ ಕಟ್ಟಿದರು. ಹೀಗೆ ನಾಲ್ಕು ದಿನ ಕಳೆಯಿತು. ಐದನೇ ದಿನ ಮಾಮುವಿಗೆ ಚಳಿ ಜ್ವರ ಬಂತು. ಊತ ಮೊಣಕಾಲಿನ ಹತ್ತಿರಕ್ಕೆ ಏರಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ ಮೊದಲು ನೋಡಿದ್ದು ಕಾಲ್ಬೆರಳುಗಳ ಸಂದಿಯನ್ನು. ಕಿರುಬೆರಳಿನ ಪಕ್ಕ ಚರ್ಮ ಬೆಳ್ಳಗೆ ನೆನೆದು ಬಿರಿದಿತ್ತು. ಅದು ಶಿಲೀಂಧ್ರದಿಂದ ಆದ ಬಿರುಕು, ಬ್ಯಾಕ್ಟೀರಿಯಾ ಒಳಗೆ ಹೋದ ಬಾಗಿಲು ಅದೇ ಎಂದರು. ನಂತರ ಪೆನ್ನಿನಿಂದ ಊತದ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದರು. ಗೆರೆ ದಾಟಿದರೆ ಸೋಂಕು ಹರಡುತ್ತಿದೆ, ಗೆರೆಯಿಂದ ಒಳಕ್ಕೆ ಸರಿದರೆ ಔಷಧ ಕೆಲಸ ಮಾಡುತ್ತಿದೆ ಎಂದು ಅರ್ಥ. ಏಳು ದಿನ ಒಳರೋಗಿಯಾಗಿ ನರಕ್ಕೆ ಇಂಜೆಕ್ಷನ್ ಪಡೆದರು. ಮನೆಗೆ ಬಂದ ಮೇಲೆ ಐದು ದಿನ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದರು. ಕಾಲು ಉಳಿಯಿತು, ಅಲ್ಹಮ್‌ದುಲಿಲ್ಲಾಹ್. ಹಬ್ಬಕ್ಕೆ ಮುಂಚಿನ ಹನ್ನೆರಡು ದಿನ ಅಂಗಡಿಗೆ ಬೀಗ ಬಿದ್ದಿತ್ತು. ಹೊಲಿಯದ ಬಟ್ಟೆಗಳನ್ನೂ ಮುಂಗಡ ಹಣವನ್ನೂ ಗಿರಾಕಿಗಳಿಗೆ ಹಿಂದಿರುಗಿಸಿದೆವು. ಆ ತಿಂಗಳ ಪುಟದಲ್ಲಿ ಖರ್ಚಿನ ಕಡೆ ತುಂಬಿತ್ತು, ಆದಾಯದ ಕಡೆ ಖಾಲಿ ಇತ್ತು. ಮೊದಲ ದಿನವೇ ತೋರಿಸಿದ್ದರೆ ಬಹುಶಃ ಮಾತ್ರೆಯಲ್ಲೇ ಮುಗಿಯುತ್ತಿತ್ತು ಎಂದು ವೈದ್ಯೆ ಹೇಳಿದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದರು ಎಂಬ ಗಾದೆ ಇಂತಹ ಲೆಕ್ಕಕ್ಕೇ ಹುಟ್ಟಿರಬೇಕು.

ಔಷಧ ಸಾಲದೆ ಸೋತ ಒಂದು ಹೋರಾಟ

ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಸಣ್ಣ ಗಾಯವೂ ಜೀವ ತೆಗೆಯುತ್ತಿತ್ತು. 1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆ ಇದ್ದರು. ಮುಖದ ಮೇಲಿನ ಗಾಯದಲ್ಲಿ ನಾನು ಮೇಲೆ ಹೇಳಿದ ಎರಡೂ ಬ್ಯಾಕ್ಟೀರಿಯಾಗಳು ಸೇರಿ, ತಲೆಯೆಲ್ಲ ಕೀವಾಗಿ, ಒಂದು ಕಣ್ಣನ್ನೇ ತೆಗೆಯಬೇಕಾಯಿತು. ಆಗ ಅಲ್ಲಿ ಹೋವರ್ಡ್ ಫ್ಲೋರಿ ಮತ್ತು ಸಂಗಡಿಗರು ಪೆನಿಸಿಲಿನ್ ತಯಾರಿಸುವ ಪ್ರಯತ್ನದಲ್ಲಿದ್ದರು. ಫೆಬ್ರವರಿ 12ರಂದು ಈ ಪೇದೆಗೆ ಅದರ ಚುಚ್ಚುಮದ್ದು ಕೊಡಲು ಆರಂಭಿಸಿದರು. ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಹಸಿವು ಮರಳಿತು. ಆದರೆ ದಾಸ್ತಾನು ಐದೇ ದಿನಕ್ಕೆ ಮುಗಿಯಿತು. ಅವರ ಮೂತ್ರದಿಂದಲೂ ಔಷಧವನ್ನು ಬೇರ್ಪಡಿಸಿ ಮತ್ತೆ ಕೊಟ್ಟರು. ಅದೂ ಸಾಲಲಿಲ್ಲ. ಸೋಂಕು ಮರುಕಳಿಸಿ ಮಾರ್ಚ್ 15ರಂದು ಅವರು ತೀರಿಕೊಂಡರು.

ಅಂದು ಚಿಕಿತ್ಸೆ ಅರ್ಧಕ್ಕೆ ನಿಂತದ್ದು ಔಷಧ ಸಿಗದೆ. ಇಂದು ನಾವು ಔಷಧ ಕೈಯಲ್ಲಿದ್ದೂ ಅರ್ಧಕ್ಕೆ ನಿಲ್ಲಿಸುತ್ತೇವೆ. ಎರಡು ದಿನ ಮಾತ್ರೆ ನುಂಗಿ ನೋವು ಕಡಿಮೆಯಾದ ಕೂಡಲೇ ಉಳಿದದ್ದನ್ನು ‘ಮುಂದೆ ಬೇಕಾಗುತ್ತದೆ’ ಎಂದು ಡಬ್ಬಿಯಲ್ಲಿಡುತ್ತೇವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಸಾಲದ ಪ್ರಮಾಣದಲ್ಲಿ ಔಷಧ ಕೊಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. ಹಾಗೆಯೇ ಆಯಿತು. ಇಂದು ಮೆಥಿಸಿಲಿನ್ ಗುಂಪಿನ ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಜಗತ್ತಿನೆಲ್ಲೆಡೆ ಇದೆ. ಅದನ್ನು ಎಂಆರ್‌ಎಸ್‌ಎ ಎನ್ನುತ್ತಾರೆ.

ಮನೆಯಲ್ಲಿ ನಡೆಯುವ ಮೂರು ತಪ್ಪುಗಳು

ಮೊದಲನೆಯದು ಹಿಸುಕುವುದು, ಸೂಜಿಯಿಂದ ಚುಚ್ಚುವುದು. ಹಿಸುಕಿದಾಗ ಕೀವು ಹೊರಗೆ ಬರುವಂತೆಯೇ ಒಳಕ್ಕೂ ಹೋಗುತ್ತದೆ. ಮೂಗು ಮತ್ತು ಮೇಲ್ತುಟಿಯ ಸುತ್ತಲಿನ ಜಾಗದಲ್ಲಂತೂ ಇದು ತೀರಾ ಅಪಾಯ. ಅಲ್ಲಿನ ರಕ್ತನಾಳಗಳಿಗೆ ತಲೆಯೊಳಗಿನ ರಕ್ತನಾಳಗಳ ಸಂಪರ್ಕವಿದೆ. ಸಣ್ಣ ಕುರುವಾದರೆ ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಹತ್ತು-ಹದಿನೈದು ನಿಮಿಷ ಶಾಖ ಕೊಡಬಹುದು. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿದರೆ ಅನೇಕ ಕುರುಗಳು ತಾವಾಗಿ ಒಡೆದು ಒಣಗುತ್ತವೆ. ಸುಣ್ಣ, ಟೂತ್‌ಪೇಸ್ಟ್, ಬೂದಿ ಬೇಡ.

ಎರಡನೆಯದು ಮೆಡಿಕಲ್ ಶಾಪಿನಲ್ಲಿ ‘ಚರ್ಮಕ್ಕೆ ಒಂದು ಟ್ಯೂಬ್ ಕೊಡಿ’ ಎಂದು ಕೇಳುವುದು. ಹಾಗೆ ಸಿಗುವ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪು ಮತ್ತು ತುರಿಕೆಯನ್ನು ಅಡಗಿಸುತ್ತದೆ. ವಾಸಿಯಾಯಿತು ಎಂದು ನಾವು ನಂಬುತ್ತೇವೆ, ಸೋಂಕು ಮಾತ್ರ ಕೆಳಗೆ ಬೆಳೆಯುತ್ತಿರುತ್ತದೆ. ಹುಳುಕಡ್ಡಿಗೆ ಹಚ್ಚಿದರೂ ಇದೇ ಗತಿ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಔಷಧಗಳ ಪಟ್ಟಿಗೆ ಸೇರಿಸಿತು.

ಮೂರನೆಯದು ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ಮನೆಮಂದಿಗೆಲ್ಲ ಹಂಚುವುದು. ಅಕ್ಕನ ಗಂಟಲು ನೋವಿಗೆ ಕೊಟ್ಟ ಮಾತ್ರೆ ತಮ್ಮನ ಕುರುವಿಗೆ ಹೊಂದಬೇಕೆಂದಿಲ್ಲ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು ಎಂದರ್ಥ. ಈಗಲೇ ನಿಮ್ಮ ಮನೆಯ ಔಷಧದ ಡಬ್ಬಿ ತೆರೆದು ನೋಡಿ, ಕೆಂಪು ಗೆರೆಯ ಪಟ್ಟಿಗಳು ಎಷ್ಟಿವೆ ಎಂದು ತಿಳಿಯುತ್ತದೆ.

ನಾಚಿಕೆಯ ಬೆಲೆ

ಇದು ನನ್ನ ಸಹಪಾಠಿ ಹುಡುಗಿಯರಿಗೆ ಹೇಳುವ ಮಾತು, ಹುಡುಗರೂ ಓದಬಹುದು. ಕುರು ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಎದೆಯ ಕೆಳಗೆ, ಕೂರುವ ಜಾಗದಲ್ಲಿ ಏಳುವುದು ಬಹಳ ಸಾಮಾನ್ಯ. ಬೆವರು ಮತ್ತು ಉಜ್ಜುವಿಕೆ ಅಲ್ಲೇ ಹೆಚ್ಚು. ಅಂತಹ ಜಾಗದ ನೋವನ್ನು ನಾವು ಅಮ್ಮಿಗೂ ಹೇಳುವುದಿಲ್ಲ. ಬೆಂಚಿನ ಮೇಲೆ ಓರೆಯಾಗಿ ಕೂತು, ಕೇಳಿದರೆ ತಲೆನೋವು ಎಂದು ಹೇಳಿ ದಿನ ದೂಡುತ್ತೇವೆ. ಮರ್ಯಾದೆಯ ಕಾರಣಕ್ಕೆ ಕಾಯಿಲೆಯನ್ನು ಬಚ್ಚಿಡಬೇಕೆಂದು ನಮ್ಮ ದೀನ್ ಹೇಳುವುದಿಲ್ಲ. ಚಿಕಿತ್ಸೆಯ ಅಗತ್ಯವಿದ್ದಾಗ ವೈದ್ಯರಿಗೆ ತೋರಿಸಲು ಅನುಮತಿ ಇದೆ. ವೈದ್ಯೆಯೇ ಬೇಕು ಎಂದು ಕೇಳುವ ಹಕ್ಕು ನಿಮಗಿದೆ, ಪರೀಕ್ಷೆಯ ಹೊತ್ತಿಗೆ ಅಮ್ಮಿ ಅಥವಾ ಅಪ್ಪಿಯನ್ನು ಜೊತೆಗಿರಿಸಿಕೊಳ್ಳಬಹುದು. ಬಾಯಿಬಿಟ್ಟು ಹೇಳಲಾಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಕುರು ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಬೇಕಾಗಬಹುದು.

ವೈದ್ಯರು ಏನು ಮಾಡುತ್ತಾರೆ?

ಕೀವು ತುಂಬಿದ ದೊಡ್ಡ ಕುರುವಿಗೆ ಮಾತ್ರೆಯೊಂದೇ ಸಾಲದು. ಕೀವಿನ ಒಳಕ್ಕೆ ಔಷಧ ಸರಿಯಾಗಿ ತಲುಪುವುದಿಲ್ಲ. ಆ ಜಾಗಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಸಣ್ಣದಾಗಿ ಸೀಳಿ ಕೀವು ತೆಗೆದು ಡ್ರೆಸ್ಸಿಂಗ್ ಮಾಡುತ್ತಾರೆ. ಮೇಲ್ಪದರದ ಸೋಂಕಿಗೆ ಆಂಟಿಬಯೋಟಿಕ್ ಮುಲಾಮು ಸಾಕಾಗಬಹುದು. ಸೆಲ್ಯುಲೈಟಿಸ್‌ಗೆ ಮಾತ್ರೆ, ಹೆಚ್ಚಾಗಿದ್ದರೆ ನರಕ್ಕೆ ಇಂಜೆಕ್ಷನ್ ಬೇಕು. ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು. ರಂಜಾನ್ ತಿಂಗಳಾದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಸಹರಿ-ಇಫ್ತಾರಿಗೆ ಹೊಂದುವ ಔಷಧ ಇದೆಯೇ ಎಂದು ಕೇಳಬಹುದು. ಇಲ್ಲದಿದ್ದರೆ ರೋಗಿಗೆ ರೋಜಾ ಬಿಟ್ಟು ಆಮೇಲೆ ಪೂರೈಸುವ ವಿನಾಯಿತಿ ಇದ್ದೇ ಇದೆ. ಎರಡು ದಿನ ಔಷಧ ತೆಗೆದುಕೊಂಡರೂ ಇಳಿಯದಿದ್ದರೆ ಮತ್ತೆ ತೋರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಸಿಗುತ್ತದೆ. ದುಡ್ಡಿಲ್ಲ ಎಂದು ಕಾಯುವ ಅಗತ್ಯವಿಲ್ಲ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

1. ಚಳಿ ಜ್ವರ ಬಂದರೆ.
2. ಊತ, ಕೆಂಪು ಅಥವಾ ಬಿಸಿ ಗಂಟೆಗಂಟೆಗೆ ಹರಡುತ್ತಿದ್ದರೆ. ಪೆನ್ನಿನ ಗೆರೆ ಎಳೆದು ನೀವೇ ಗಮನಿಸಬಹುದು.
3. ಗಾಯದಿಂದ ಮೇಲಕ್ಕೆ ಗೆರೆ ಹೊರಟಿದ್ದರೆ, ಕಂಕುಳು ಅಥವಾ ತೊಡೆಯ ಸಂದಿಯಲ್ಲಿ ನೋವಿನ ಗಂಟು ಕಟ್ಟಿದ್ದರೆ.
4. ಕಣ್ಣು, ಮೂಗು, ಮೇಲ್ತುಟಿಯ ಸುತ್ತ ಊತ ಬಂದಿದ್ದರೆ.
5. ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ, ಅಥವಾ ರೋಗಿ ಹಸುಗೂಸಾಗಿದ್ದರೆ.
6. ಕಾಣುವ ಗಾಯಕ್ಕಿಂತ ನೋವು ವಿಪರೀತವಾಗಿದ್ದರೆ, ಚರ್ಮ ಕಪ್ಪಾಗಿ ಗುಳ್ಳೆ ಏಳುತ್ತಿದ್ದರೆ.
7. ರೋಗಿ ತಡವರಿಸಿ ಮಾತನಾಡಿದರೆ, ಏದುಸಿರು ಬಿಟ್ಟರೆ, ಮೂತ್ರ ಬಹಳ ಕಡಿಮೆಯಾದರೆ. ಆಗ ತಡಮಾಡದೆ 108ಕ್ಕೆ ಕರೆ ಮಾಡಿ.

ಬಾರದಂತೆ ತಡೆಯುವುದು

ಯಾವ ಗಾಯವಾದರೂ ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು, ಒಣಗಿಸಿ, ಶುಭ್ರ ಬಟ್ಟೆ ಅಥವಾ ಪಟ್ಟಿಯಿಂದ ಮುಚ್ಚಿ. ಹಾಸ್ಟೆಲಿನವರು ಟವೆಲ್, ರೇಜರ್, ಬಾಚಣಿಗೆ ಹಂಚಿಕೊಳ್ಳಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ಎಸೆದುಬಿಡಿ, ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡು ಸ್ಕಾರ್ಫ್ ಸುತ್ತಬೇಡಿ. ಕಜ್ಜಿ ಬಂದರೆ ಮನೆಯವರೆಲ್ಲ ಒಂದೇ ಸಲ ಚಿಕಿತ್ಸೆ ಪಡೆಯಿರಿ. ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಕಾಲು ತೊಳೆಯುವ ಅಭ್ಯಾಸ ಚೆನ್ನಾಗಿಯೇ ಇದೆ. ತೊಳೆದ ಮೇಲೆ ಬೆರಳುಗಳ ಸಂದಿಯನ್ನು ಒರೆಸಿ ಒಣಗಿಸಿ, ಆಮೇಲೆ ಸಾಕ್ಸ್ ಹಾಕಿಕೊಂಡರೆ ಚರ್ಮ ನೆನೆದು ಬಿರಿಯುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ದಾದಿ, ನಾನಾ, ಅಬ್ಬಾ ಯಾರಾದರೂ ಇದ್ದರೆ ರಾತ್ರಿ ಮಲಗುವ ಮುಂಚೆ ಅವರ ಅಂಗಾಲು, ಬೆರಳ ಸಂದಿ ನೋಡಿ. ಅವರ ಕಾಲಿನ ನರಗಳು ಮರಗಟ್ಟಿದ್ದರೆ ಗಾಯವಾದದ್ದು ಅವರಿಗೇ ತಿಳಿಯುವುದಿಲ್ಲ, ಬಗ್ಗಿ ನೋಡುವುದೂ ಕಷ್ಟ. ನಮ್ಮ ಕಣ್ಣು ಚುರುಕಾಗಿದೆ, ಇದಕ್ಕೆ ಎರಡು ನಿಮಿಷ ಸಾಕು. ಇಂದು ರಾತ್ರಿಯಿಂದಲೇ ಶುರು ಮಾಡಿ.